ಬಡಿಸುವ ಕೈ ತಡೆದ ಹರಕೆ

ನಾನು ಯಾವ ದೇವರಿಗೂ ಹರಕೆ ಹೊತ್ತಿರಲಿಲ್ಲ, ವೇಣಿ. ಹಬ್ಬದ ದಿನ ನಾನು ಉಪವಾಸ ಇರುತ್ತೇನೆಂದು ಹೇರೋಹಳ್ಳಿಯ ಅತ್ತೆ ಮನೆಯವರಷ್ಟೇ ಅಲ್ಲ, ಇಡೀ ಬೀದಿಯೇ ನಂಬಿದೆಯಲ್ಲ — ಅದು ಸುಳ್ಳು. ಕುರುಬರಹಳ್ಳಿಯ ನನ್ನ ಮನೆಯಲ್ಲಿ ಮೆತ್ತಗಿನ ಅನ್ನ ಉಂಡು, ಬಾಯಿ ತೊಳೆದು, ಹಣೆಗೆ ಹೊಸದಾಗಿ ಕುಂಕುಮ ಇಟ್ಟುಕೊಂಡು ಬರುತ್ತಿದ್ದೆ. ನನಗಿದ್ದದ್ದು ಭಕ್ತಿಯಲ್ಲ, ಹೊಟ್ಟೆಯ ಕಾಯಿಲೆ. ಸುಳ್ಳು ಹೇಳಿದವಳು ಹಿರಿಸೊಸೆ, ಅದನ್ನು ಅನುಭವಿಸಿದವಳು ಕಿರಿಸೊಸೆಯಾದ ನೀನು.

ನಾನು ಹೆಮ್ಮೆಯ ಹೆಂಗಸು ಎಂದು ನಿನಗೆ ಗೊತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ವರಾಂಡದಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ತರಗತಿಯ ಗಲಾಟೆ ನಿಲ್ಲುತ್ತದೆ. ಅಂಥವಳು ಅರ್ಧ ಲೆಕ್ಕಕ್ಕೇ ಚಾಕ್‌ಪೀಸ್ ಇಟ್ಟು ಬಚ್ಚಲಿಗೆ ಓಡಬೇಕಾಗುತ್ತದೆ ಎಂದು ಯಾರ ಮುಂದೆ ಹೇಳಲಿ? ಒಂದು ವಾರ ಹೊಟ್ಟೆ ಕಲ್ಲಿನ ಹಾಗೆ ಬಿಗಿದುಕೊಂಡಿರುತ್ತಿತ್ತು, ಮತ್ತೊಂದು ವಾರ ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ವಿಜಯನಗರದಲ್ಲಿ ಯಾವ ಹೋಟೆಲಿನವರು ಕಾಫಿ ಕುಡಿಯದವರಿಗೂ ಬಚ್ಚಲ ಬಾಗಿಲು ತೆಗೆಯುತ್ತಾರೆ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಆದರೂ ಒಂದು ದಿನ ರಜೆ ಹಾಕಲಿಲ್ಲ, ಒಬ್ಬರ ಮುಂದೆ ಮುಖ ಸಣ್ಣದು ಮಾಡಲಿಲ್ಲ. ಅದರ ಬಗ್ಗೆ ಇವತ್ತಿಗೂ ನನಗೆ ಹೆಮ್ಮೆ ಇದೆ — ಇಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ.

ಶಾಲೆಯಲ್ಲಿ ಹೇಗೋ ನಿಭಾಯಿಸಿದೆ. ನಿಭಾಯಿಸಲಾಗದೇ ಹೋದದ್ದು ನಮ್ಮ ಅತ್ತೆಯ ಪ್ರೀತಿಯನ್ನು. ನಮ್ಮಲ್ಲಿ ಎಲೆಯ ಮುಂದೆ ಕೂತವರು ಸಾಕು ಎಂದರೆ ಅದು ಸಾಕು ಅಲ್ಲ, ಸಂಕೋಚ. ಹಿರಿಯರ ಹಬ್ಬದ ಬಾಡೂಟದಲ್ಲಿ ನಾನು ಎಲೆಗೆ ಕೈ ಅಡ್ಡ ಹಿಡಿದರೆ ಅತ್ತೆ ಬೆರಳ ಸಂದಿಯಲ್ಲೇ ಸಾರು ಬಿಡುತ್ತಿದ್ದರು. "ಏನವ್ವಾ, ಓದ್ದೋಳಿಗೆ ನಮ್ಮನೆ ಊಟ ಸೇರಲ್ವಾ?" ಎಂದು ಎಲ್ಲರೆದುರು ಕೇಳುತ್ತಿದ್ದರು. ಒಂದು ವರ್ಷ ಆ ಪ್ರಶ್ನೆಗೆ, ಏನೂ ಯೋಚಿಸದೆ, ಬಾಯಿಂದ ಬಂದುಬಿಟ್ಟಿತು — "ಹರಕೆ ಇದೆ ಅತ್ತೆ. ಹಬ್ಬದ ದಿನ ಉಪವಾಸ ಇರ್ತೀನಿ."

ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. ಯಾವ ದೇವರಿಗೆ, ಯಾತಕ್ಕೆ ಎಂದು ಒಬ್ಬರೂ ಕೇಳಲಿಲ್ಲ. ಹರಕೆಯನ್ನು ಕೆದಕಬಾರದು ಎನ್ನುವುದು ನಮ್ಮ ಜನರ ಮರ್ಯಾದೆ. ಆ ಮರ್ಯಾದೆಯ ಹಿಂದೆ ನಾನು ಬಚ್ಚಿಟ್ಟುಕೊಂಡೆ.

ಆಮೇಲೆ ಅದು ನನ್ನ ಕೈ ಮೀರಿತು. ಮೀರಿತು ಎನ್ನುವುದೂ ಸರಿಯಲ್ಲ, ನನಗೆ ಹಿಡಿಸಿತು. ಹಿರಿಯರಿಗೆ ಎಡೆ ಬಡಿಸುವುದು ವ್ರತದ ಕೈಯಲ್ಲೇ ಆಗಲಿ ಎಂದು ಅತ್ತೆ ಆ ಕೆಲಸ ನನಗೆ ಕೊಟ್ಟರು. ಬೆಳಗಿನಿಂದ ಒಲೆ ಮುಂದೆ ಬೆಂದವಳು ನೀನು. ಸೀರೆ ನೆರಿಗೆ ಕೂಡ ಕೆಡದೆ ಬಂದು ಬಡಿಸುವವಳು ನಾನು. ಬೀದಿಯ ಹೆಂಗಸರು ನನ್ನ ಕಾಲಿಗೆ ಬೀಳುವಾಗ ಬೇಡ ಬೇಡ ಎನ್ನುತ್ತಿದ್ದೆ, ಕಾಲು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಅಷ್ಟರಲ್ಲಿ, ನಮ್ಮ ಕಡೆಯವರು ಯಾರೂ ಕಾಣುವುದಿಲ್ಲವೆಂದು, ರಾಜಾಜಿನಗರದ ಒಬ್ಬ ಡಾಕ್ಟರ ಹತ್ತಿರ ಹೋಗಿ ಬಂದಿದ್ದೆ. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ನನಗೆ ಅವಮಾನವಾಯಿತು — ಇಷ್ಟು ನೋವಿಗೆ ಒಂದು ಹುಣ್ಣಾದರೂ ಬೇಡವೇ? ಆ ಡಾಕ್ಟರಮ್ಮ ನಗಲಿಲ್ಲ. "ನೋವು ನಿಜಾನೇ ಅಮ್ಮ. ಕರುಳಲ್ಲಿ ಗಾಯ ಇಲ್ಲ, ಅದು ಕೆಲಸ ಮಾಡೋ ರೀತಿ ತಪ್ಪಿದೆ. ಐಬಿಎಸ್ ಅಂತಾರೆ," ಎಂದರು. ಮಾತ್ರೆ ಬರೆದರು. ಹಾಲು, ಕಾರ, ಕರಿದದ್ದು ಬಿಟ್ಟು ನೋಡಲು ಹೇಳಿದರು. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಉಣ್ಣಬೇಕು, ಹೊಟ್ಟೆ ಖಾಲಿ ಬಿಡಬೇಡಿ, ಉಪವಾಸ ಬೇಡವೇ ಬೇಡ ಎಂದರು. ಪೂರ್ತಿ ವಾಸಿಯಾಗದಿದ್ದರೂ ನಾನು ಮನುಷ್ಯಳಾದೆ.

ಇದೆಲ್ಲ ನನಗೆ ತಿಳಿದ ಮೇಲೆ ನೀನು ನನ್ನನ್ನು ಕೇಳಿದ್ದು. ಅದೇ ನನ್ನನ್ನು ಬಿಡದೆ ಕಾಡುವುದು.

ಆ ವರ್ಷ ಹಬ್ಬದಲ್ಲಿ, ಎಡೆಗೆ ಎಲ್ಲರೂ ಕೈಮುಗಿದು ನಿಂತಿದ್ದಾಗ, ನೀನು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದೆ. ಅತ್ತೆ ಬಯ್ದರು. ಸಂಜೆ ಒಗೆಯುವ ಕಲ್ಲಿನ ಹತ್ತಿರ ಪಾತ್ರೆ ತಿಕ್ಕುತ್ತಾ, ತಲೆ ಎತ್ತದೆ ಕೇಳಿದೆ — "ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಬಚ್ಚಲಿಗೆ ಹೋದ್ರೆ ನಲ್ಲಿ ಜೋರಾಗಿ ಬಿಟ್ಕೊಂಡಿರ್ತೀರ. ನಿಮಗೂ ನನ್ನ ಥರಾನೇ ಏನಾದ್ರೂ...?"

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು, ನೀನು ನೋಡಿಬಿಟ್ಟಿದ್ದೆ. ನನ್ನ ಮೈಯೆಲ್ಲ ಉರಿಯಿತು. ಹೂಂ ಎಂದು ಒಂದು ಮಾತು, ಡಾಕ್ಟರ ಹೆಸರು ಒಂದು — ಅಷ್ಟು ಹೇಳಿದ್ದರೆ ಸಾಕಾಗಿತ್ತು. ನಾನು ಹೇಳಿದ್ದು ಇದು:

"ನನಗೇನು ಬಂದಿದೆ? ನೀನೂ ಒಂದು ಹರಕೆ ಹೊತ್ಕೋ. ಉಪವಾಸ ಮಾಡು, ಎಲ್ಲಾ ಸರಿಹೋಗುತ್ತೆ."

ನೀನು ಮಾಡಿದೆ. ನನ್ನ ಹಾಗೆ ಉಂಡು ಬಂದು ಅಲ್ಲ — ನಿಜವಾಗಿ ಮಾಡಿದೆ. ಸೋಮವಾರ ಮಾಡಿದೆ, ವಾಸಿಯಾಗದಿದ್ದಾಗ ಶುಕ್ರವಾರವನ್ನೂ ಸೇರಿಸಿಕೊಂಡೆ. ಕೆನ್ನೆ ಇಳಿಯಿತು. ಅನ್ನಪೂರ್ಣೇಶ್ವರಿ ನಗರದಲ್ಲಿ ನೀನು ಅಷ್ಟು ಆಸೆಯಿಂದ ತೆರೆದ ಟೈಲರಿಂಗ್ ಅಂಗಡಿಗೆ, ಬಸ್ಸಿನಲ್ಲಿ ಹೊಟ್ಟೆ ತಡೆಯುವುದಿಲ್ಲವೆಂದು, ಬೀಗ ಬಿತ್ತು. ದೇವಸ್ಥಾನದ ಸಾಲಿನಲ್ಲಿ ತಲೆಸುತ್ತಿ ಬಿದ್ದಾಗ ಅತ್ತೆ, "ದೊಡ್ಡೋಳ ಥರ ಭಕ್ತಿ ಇಟ್ಟು ಮಾಡಿದ್ರೆ ತಾನೇ ದೇವ್ರು ಒಲಿಯೋದು?" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ಹೊಟ್ಟೆ ತುಂಬ ಉಂಡು. ನಿನ್ನ ಮುಖಕ್ಕೆ ನೀರು ಚಿಮುಕಿಸಿದೆನೇ ಹೊರತು ಬಾಯಿ ಬಿಡಲಿಲ್ಲ.

ನಿನಗೆ ದಾರಿ ತೋರಿಸಿದವರು ಯಾರೂ ಇಲ್ಲ. ನೀನೇ ಕೇಳಿಕೊಂಡು ಕೆಂಗೇರಿಯ ಆಸ್ಪತ್ರೆಗೆ ಹೋದೆ, ನೀನೇ ಮಾತ್ರೆ ನುಂಗಿದೆ, ನೀನೇ ಉಪವಾಸ ಬಿಟ್ಟೆ. ಹೋದ ವರ್ಷದ ಹಬ್ಬದಲ್ಲಿ ಅತ್ತೆ ಸೌಟು ಹಿಡಿದು ನಿನ್ನ ಎಲೆಯ ಮುಂದೆ ನಿಂತಾಗ, ನೆಂಟರಿಷ್ಟರು ತುಂಬಿದ್ದ ಆ ಪಡಸಾಲೆಯಲ್ಲಿ ಹೇಳಿದೆ — "ಬೇಡ ಅತ್ತೆ. ನಂಗೆ ಕರುಳಿನ ಕಾಯಿಲೆ ಇದೆ. ಐಬಿಎಸ್ ಅಂತ. ಇದು ತಿಂದ್ರೆ ನಾಳೆ ನಾನು ಬಚ್ಚಲಲ್ಲೇ ಇರ್ಬೇಕಾಗುತ್ತೆ. ಹರಕೆ ಗಿರಕೆ ಏನಿಲ್ಲ."

ಯಾರೋ ಕಿಸಕ್ಕೆಂದು ನಕ್ಕರು. ನೀನು ಅವರ ಕಡೆ ತಿರುಗಿ ನೋಡಿದೆ, ನಗು ನಿಂತಿತು. ಇಷ್ಟು ವರ್ಷ ತರಗತಿಯನ್ನು ಸುಮ್ಮನಾಗಿಸಿದವಳು ನಾನು. ಅಂಥ ನೋಟ ನನ್ನಲ್ಲಿ ಇರಲಿಲ್ಲ. ಎದೆ ಉಬ್ಬಿತು ಕಣೇ. ನಮ್ಮ ಮನೆಯ ಹುಡುಗಿ ಇವಳು ಎಂದು ಕೂಗಿ ಹೇಳಬೇಕೆನಿಸಿತು.

ಅದೇ ಗಳಿಗೆಯಲ್ಲಿ ಅತ್ತೆ ನನ್ನ ಕಡೆ ತಿರುಗಿ, "ನಿಂಗೇನವ್ವಾ?" ಎಂದರು. ಹರಕೆ ಎಂದೆ. ಇನ್ನೊಂದು ಸಲ — ನಿನ್ನ ಮಾತಿನ ಬಿಸಿ ಆರುವ ಮೊದಲೇ.

ಸ್ವಲ್ಪ ಹೊತ್ತಿನ ಮೇಲೆ ಒಳಕೋಣೆಗೆ ನೀನು ತಟ್ಟೆ ತಂದೆ. ಮೆತ್ತಗಿನ ಅನ್ನ, ಜೀರಿಗೆ ಸಾರು. "ಕಾರ ಹಾಕಿಲ್ಲ ಅಕ್ಕ. ಬಾಗಿಲು ಹಾಕ್ಕೊಂಡು ಉಣ್ಣಿ, ನಾನು ಹೊರಗೆ ಇರ್ತೀನಿ," ಎಂದೆ. ಅಷ್ಟೇ. ಎಲ್ಲ ಗೊತ್ತಿದ್ದೂ ನನ್ನ ಮಾನ ಕಾಯಲು ಬಾಗಿಲಲ್ಲಿ ನಿಂತೆ. ನಾನು ತಲೆ ಬಗ್ಗಿಸಿಕೊಂಡು ಉಂಡೆ. ಚೆನ್ನಾಗಿದೆ ಎಂದು ಕೂಡ ಹೇಳಲಿಲ್ಲ.

ಈಗ ನಿನ್ನ ಅಂಗಡಿ ಮತ್ತೆ ತೆರೆದಿದೆ. ಅಳತೆ ಕೊಡಲು ಬಂದ ಹೆಂಗಸರು ಮೆಲ್ಲಗೆ ಹೊಟ್ಟೆಯ ವಿಷಯ ಎತ್ತುತ್ತಾರಂತೆ, ನೀನು ಟೇಪು ಕೊರಳಿಗೆ ಹಾಕಿಕೊಂಡೇ ಡಾಕ್ಟರ ಹತ್ತಿರ ಹೋಗಿ ಎಂದು ಗದರಿಸುತ್ತೀಯಂತೆ. ನನ್ನ ಕಾಲಿಗೆ ಬಿದ್ದವರಲ್ಲಿ ಒಬ್ಬರಿಗೂ ನನ್ನಿಂದ ಅಷ್ಟು ಉಪಕಾರವಾಗಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, ಅದು ನನಗೆ ತೀರಾ ಸುಲಭವಾಗುತ್ತದೆ. ಬರುವ ಹಿರಿಯರ ಹಬ್ಬಕ್ಕೆ ಎಡೆ ನೀನು ಬಡಿಸಬೇಕು. ಯಾಕೆ ಎಂದು ಅತ್ತೆ ಕೇಳುತ್ತಾರೆ, ಆಗ ಎಲ್ಲರೆದುರು ಹೇಳುತ್ತೇನೆ — ನನಗೂ ವೇಣಿಗಿರುವ ಕಾಯಿಲೆಯೇ, ಅವಳಿಗಿಂತ ಮೊದಲಿನಿಂದ; ಗೊತ್ತಿದ್ದೂ ಅವಳನ್ನು ಉಪವಾಸ ಕೆಡವಿದವಳು ನಾನು.

ಆಮೇಲೆ ಊಟದ ಸಾಲಿನಲ್ಲಿ ನಿನ್ನ ಪಕ್ಕ ಕೂರುತ್ತೇನೆ, ನೀನು ಜಾಗ ಕೊಟ್ಟರೆ. ಜೀರಿಗೆ ಸಾರು ಈ ಸಲ ನಾನು ಮಾಡಿ ತರುತ್ತೇನೆ, ಇಬ್ಬರಿಗೂ. ಬಾಗಿಲು ತೆಗೆದೇ ಇರಲಿ.