ಅತ್ತಿಗೆಯ ಸೂಜಿ ಡಬ್ಬಿ

“ಕಣ್ಣು ಮಂಜಾಗಿದೆ, ನಾನು ಇಲ್ಲ ಅಂದೆನಾ? ನಿನ್ನ ಮುಖಾನೂ ಈಗ ಸರಿಯಾಗಿ ಕಾಣಲ್ಲ, ಅದೊಂದು ಪುಣ್ಯ. ಆದ್ರೆ ಹೊಲಿಯೋದು ಕಣ್ಣಲ್ಲ ಕಣೋ, ಬೆರಳು. ಒಂದು ಕೆಲಸ ಮಾಡು. ಈ ಹಾಯಿ ಕಟ್ಟಿಕೊಂಡು ಇವತ್ತು ಹೊರಡ್ತೀಯಲ್ಲ, ನನ್ನನ್ನೂ ಕರ್ಕೊಂಡು ಹೋಗು. ಬೆಳಗಾಗೋದ್ರೊಳಗೆ ನನ್ನ ಹೊಲಿಗೆ ಒಂದೇ ಒಂದು ಬಿಚ್ಚಿದ್ರೂ ಸೂಜಿ ಡಬ್ಬಿ ನಿನ್ನ ಕೈಗಿಟ್ಟು ಮನೇಲಿ ಕೂತ್ಕೋತೀನಿ. ಆಯ್ತಾ?”

ಹೀಗೆಂದವಳು ಹಾಯಿ ಹೊಲಿಯುವಾಕೆ. ಕೇಳಿಸಿಕೊಂಡವನು ಅವಳ ಮೈದುನ, ಹಾಯಿ ಅಂಗಡಿಯ ಯಜಮಾನ. ಗಂಡ ತೀರಿಕೊಂಡಂದಿನಿಂದ ಆ ಅಂಗಡಿಯ ಹಲಗೆ ನೆಲದ ಮೇಲೆ ಕಾಲು ಚಾಚಿ ಕೂತು ಮೂವತ್ತು ವರ್ಷ ಹೊಲಿದಿದ್ದಳು. ಸಮುದ್ರದ ಮೇಲೆ ಮಾತ್ರ ಒಂದು ರಾತ್ರಿಯೂ ಕಳೆದವಳಲ್ಲ. ಕಣ್ಣು ಕಾಣದವಳ ಕೈಲಿ ಹೊಲಿಸುತ್ತಾನೆಂದು ಗಿರಾಕಿಗಳು ಗೊಣಗತೊಡಗಿದ್ದರಿಂದ ಮೈದುನ ವಾರದಿಂದ “ಸಾಕು ಮಾಡಿ ಅತ್ತಿಗೆ” ಎನ್ನುತ್ತಿದ್ದ.

ಸಂಜೆ ಇಬ್ಬರೇ ಹೊರಟರು. ಆ ಪುಟ್ಟ ಹಾಯಿದೋಣಿಯನ್ನು ಬೆಳಗ್ಗೆ ಮುಂದಿನ ಬಂದರಿನಲ್ಲಿ ಅದರ ಒಡೆಯನಿಗೆ ಒಪ್ಪಿಸಬೇಕಿತ್ತು.

“ಹೊಟ್ಟೆ ತೊಳಸಿದ್ರೆ ಹೇಳಿ ಅತ್ತಿಗೆ.”

“ನಿನ್ನ ಹೆಂಡತಿ ಅಡುಗೆ ಇಪ್ಪತ್ತು ವರ್ಷ ಅರಗಿಸಿಕೊಂಡಿದ್ದೀನಿ. ಇದೇನು ಮಹಾ!”

ದಡದ ದೀಪಗಳು ಒಂದೊಂದಾಗಿ ಹಿಂದೆ ಬಿದ್ದವು. ಹಿಂದಿನಿಂದ ಗಾಳಿ ಬಲವಾಯಿತು. ಅವಳು ಕಂಬದ ಬುಡದಲ್ಲಿ ಕೂತು, ಮಲಗಿದ ಮಗುವಿನ ಬೆನ್ನ ಮೇಲೆ ಇಡುವಂತೆ ಹಾಯಿಯ ಮೇಲೆ ಅಂಗೈ ಇಟ್ಟಿದ್ದಳು. ನಡುರಾತ್ರಿಯ ಹೊತ್ತಿಗೆ ಅಂಗೈಯನ್ನು ತಟ್ಟನೆ ಒತ್ತಿ ಹಿಡಿದಳು.

“ಹಾಯಿ ಇಳಿಸು.”

“ಇಷ್ಟು ಒಳ್ಳೆ ಗಾಳೀಲಿ? ತಲೆಗಿಲೆ ಕೆಟ್ಟಿದೆಯಾ?”

“ಮೇಲೆಲ್ಲೋ ಉಜ್ಜುತ್ತಾ ಇದೆ ಕಣೋ. ಕೈಗೆ ಗೊತ್ತಾಗ್ತಿದೆ. ಹರಿಯೋಕೆ ಮುಂಚೆ ಇಳಿಸು.”

ಗೊಣಗುತ್ತಲೇ ದೋಣಿಯನ್ನು ಗಾಳಿಗೆ ಎದುರು ತಿರುಗಿಸಿ ಇಳಿಸಿದ. ಅವನು ಬ್ಯಾಟರಿ ಹುಡುಕುವಷ್ಟರಲ್ಲಿ ಅವಳ ಬೆರಳು ಜಾಗ ಮುಟ್ಟಿತ್ತು. ಬಟ್ಟೆ ಹರಿದಿದೆ ಎಂದು ಹೇಳಿ ಹೊಲಿದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಒಂದು ಗೇಣು ಬಿಚ್ಚಿದೆ” ಎಂದಳು. “ನಂದೇ ಹೊಲಿಗೆ.”

ಅವಳು ಡಬ್ಬಿ ತೆರೆದಳು. ಅದರಲ್ಲಿ ಹಗಲಲ್ಲೇ ದಾರ ಪೋಣಿಸಿಟ್ಟ ಹತ್ತು ಸೂಜಿ. ಕಣ್ಣು ಮಸುಕಾದ ಮೇಲೆ ಕಲಿತ ಉಪಾಯ. ದೋಣಿ ತೊಟ್ಟಿಲಿನಂತೆ ತೂಗಾಡುತ್ತಿದ್ದರೆ ಹಾಯಿಯನ್ನು ಮಡಿಲಿಗೆಳೆದುಕೊಂಡು ಹೊಲಿಯತೊಡಗಿದಳು. ಅವನು ಬೆಳಕು ಹಿಡಿದ.

“ಅದನ್ನ ಆಚೆ ಇಡು, ಕಣ್ಣಿಗೆ ಚುಚ್ಚುತ್ತೆ. ಅಲುಗಾಡದ ಹಾಗೆ ನನ್ನ ಭುಜ ಹಿಡ್ಕೋ, ಸಾಕು.”

ಹಾಯಿ ಮತ್ತೆ ಏರಿತು. ಬೆಳಗ್ಗೆ ಬಂದರು ಸೇರಿದಾಗ ಅವಳು ಮಾತಿನಂತೆ ಡಬ್ಬಿಯನ್ನು ಅವನ ಕೈಗಿಟ್ಟಳು. ಅವನು ಅದನ್ನು ಹಿಡಿದುಕೊಂಡೇ ಹೊಸ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದ. ಗೆರೆ ಎಳೆದಂತೆ ನೇರವಾಗಿತ್ತು. ಆಮೇಲೆ ತಲೆಯೆತ್ತಿ, ಕಂಬವನ್ನು ಬಿಗಿದ ತಂತಿ ಹಾಯಿಗೆ ತಾಗುವ ಜಾಗ ನೋಡಿದ.

“ಅಲ್ಲಿ ತಂತಿ ಉಜ್ಜಿ ಹೊಲಿಗೆ ಸವೆಯದ ಹಾಗೆ ಚರ್ಮದ ಪಟ್ಟಿ ಹಾಕೋಕೆ ಗುರುತು ಮಾಡಬೇಕಾದವನು ನಾನು” ಎಂದ. “ಮರೆತೆ. ಎರಡೂ ಕಣ್ಣು ನೆಟ್ಟಗಿದ್ದೂ.” ಡಬ್ಬಿಯನ್ನು ಅವಳ ಮಡಿಲಿಗೆ ಹಾಕಿದ. “ಗಿರಾಕಿಗಳಿಗೆ ನಾನು ಹೇಳ್ಕೋತೀನಿ. ನಾಳೆ ಬೇಗ ಬನ್ನಿ ಅತ್ತಿಗೆ.”

“ನಾನು ಯಾವತ್ತು ತಡ ಮಾಡಿದ್ದೀನಿ? ಬಾಗಿಲು ತೆಗೆಯೋನು ನೀನೇ ತಡ.”

ಬಸ್ಸು ಹಿಡಿದು ಮಧ್ಯಾಹ್ನ ಮನೆ ಸೇರಿದಳು. ಉಪ್ಪು ಹಿಡಿದು ಬಿರುಸಾಗಿದ್ದ ಬಟ್ಟೆಗಳನ್ನು ಬಕೆಟ್ಟಿನಲ್ಲಿ ನೆನೆಸಿ, ಎರಡು ನೀರಿನಲ್ಲಿ ಜಾಲಿಸಿ, ಒಂದೊಂದೇ ಹಿಂಡಿ ಹಿತ್ತಲಿನ ಹಗ್ಗದ ಮೇಲೆ ಹರವಿದಳು.