ಅಕ್ಟೋಬರಿನಲ್ಲಿ ಹೊಸ ವರ್ಷ ತಂದವರು

ಗಾಜಿನ ಉದ್ಯಮದಲ್ಲಿ ಕೀರ್ತಿ ಸಲ್ಲುವುದು ಊದುಗೊಳವೆ ಹಿಡಿದ ಕುಶಲಕರ್ಮಿಗಳಿಗೆ, ಹೂದಾನಿಗೆ ಹೊಸ ರೂಪ ಕೊಟ್ಟ ಕಲಾವಿದರಿಗೆ, ಹೆಚ್ಚೆಂದರೆ ಅವರಿಗೆ ಸಂಬಳ ಕೊಟ್ಟ ಯಜಮಾನರಿಗೆ. ಸ್ಮೋಲಂಡ್ ಸೀಮೆಯ ಕಾಡಿನ ನಡುವೆ ಜಾಮಿನ ಸೀಸೆ, ಹೆರಿಂಗ್ ಮೀನಿನ ಸೀಸೆ ಮಾಡುವ ಕ್ವಾರ್ನ್‌ಹುಲ್ಟ್ ಕಾರ್ಖಾನೆಯಲ್ಲಿ ಬೆಂಕಿ ಆರದಂತೆ ನೋಡಿಕೊಂಡವರನ್ನು ಯಾವ ವಸ್ತುಸಂಗ್ರಹಾಲಯವೂ ನೆನೆಯುವುದಿಲ್ಲ. ಆ ಕೆಲಸವನ್ನು ನಾಲ್ಕು ದಶಕಗಳಿಗೂ ಮಿಗಿಲಾಗಿ ನಡೆಸಿ, ನಿರ್ವಹಣಾ ವಿಭಾಗದ ಮುಖ್ಯಸ್ಥರಾಗಿ ಈಚೆಗೆ ನಿವೃತ್ತರಾದ ಶ್ರೀಮತಿ ಗುನ್ವೋರ್ ತೂರೆಸನ್ ಅವರ ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ, ಸೀಸೆ ತಪಾಸಣೆಯ ಮೇಜಿನಲ್ಲಿ ಆಯುಷ್ಯ ಸವೆಸಿದ ನನ್ನ ಪಾಲಿಗೆ ಬಂದಿದೆ. ಈ ಗ್ರಂಥ ಬೀಳ್ಕೊಡುಗೆಯ ದಿನವೇ ಅವರ ಕೈ ಸೇರಬೇಕಾಗಿತ್ತು. ಅಭಿನಂದನ ಗ್ರಂಥ ಹೊತ್ತಿಗೆ ಸರಿಯಾಗಿ ಅಚ್ಚಾದ ಉದಾಹರಣೆ ಲೋಕದಲ್ಲಿ ಇಲ್ಲವಾದ್ದರಿಂದ ನಾವೂ ತಡವಾದೆವು. ತಡವಾದದ್ದೇ ಒಳ್ಳೆಯದಾಯಿತು, ಇಲ್ಲವಾದರೆ ಆ ದಿನ ನಡೆದದ್ದನ್ನು ಇಲ್ಲಿ ಸೇರಿಸಲು ಆಗುತ್ತಿರಲಿಲ್ಲ.

ನಮ್ಮಲ್ಲಿ ಯಜಮಾನನನ್ನೂ ‘ನೀನು’ ಎಂದೇ ಮಾತನಾಡಿಸುವುದು ರೂಢಿ. ಆದರೂ ಇಲ್ಲಿ ಗುನ್ವೋರ್ ಅವರನ್ನು ಬಹುವಚನದಲ್ಲಿಯೇ ಬರೆಯುತ್ತೇನೆ. ಓದಿ ಅವರು ನಗುತ್ತಾರೆ, ನಗಲಿ.

ಅರವತ್ತರ ದಶಕದಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿದ ಅವರು ಕಚೇರಿಯಲ್ಲಿ ಕೂತದ್ದಕ್ಕಿಂತ ಕುಲುಮೆಯ ಬಳಿ ನಿಂತದ್ದೇ ಹೆಚ್ಚು. ಸಂಜೆ ಶಾಲೆಯಲ್ಲಿ ಓದಿ, ಪರೀಕ್ಷೆ ಕಟ್ಟಿ, ಗಂಡಸರೇ ತುಂಬಿದ್ದ ನಿರ್ವಹಣಾ ವಿಭಾಗಕ್ಕೆ ಕಾಲಿಟ್ಟರು. ಅಲ್ಲಿ ಅವರನ್ನು ಮೂದಲಿಸಿದವರ ಹೆಸರು ನನಗೆ ನೆನಪಿದೆ, ಅವರಿಗೆ ನೆನಪಿಲ್ಲ. ಅವರ ಉಪಕಾರಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಸೀಸೆ ಕಟ್ಟುವ ಮೇಜಿನ ಸಿಗ್ನೆಗೆ ಕಿವಿ ಪೂರ್ತಿ ಹೋದಾಗ, ಗಂಟೆಯ ಸದ್ದು ಕೇಳದವಳನ್ನು ಇಟ್ಟುಕೊಳ್ಳುವುದು ಹೇಗೆಂದು ಮೇಲಿನವರು ಚರ್ಚೆಗೆ ಕೂತರು. ಚರ್ಚೆ ಮುಗಿಯುವಷ್ಟರಲ್ಲಿ ಗುನ್ವೋರ್ ಅವರು ಏಣಿ ಹತ್ತಿ, ಗಂಟೆ ಬಾರಿಸಿದಾಗಲೆಲ್ಲ ಉರಿಯುವ ಕೆಂಪು ದೀಪವೊಂದನ್ನು ಸಿಗ್ನೆಯ ಮೇಜಿನ ಮೇಲೆ ತೂಗುಹಾಕಿ ಇಳಿದಿದ್ದರು. ಆ ಸಿಗ್ನೆ ಮುಂದೆ ಏನು ಮಾಡಿದಳೆಂಬುದನ್ನು ಈಗ ಹೇಳುತ್ತೇನೆ.

ಇಸವಿ ಎರಡು ಸಾವಿರ ಹತ್ತಿರವಾದಾಗ ಲೋಕವೆಲ್ಲ ಗಣಕಯಂತ್ರದ ತಾರೀಖಿನ ಭೀತಿಯಲ್ಲಿತ್ತು. ಇಸವಿಯ ಕೊನೆಯ ಎರಡೇ ಅಂಕಿಗಳನ್ನು ಬಲ್ಲ ಯಂತ್ರಗಳು ಸೊನ್ನೆ ಸೊನ್ನೆ ಕಂಡು ಕಂಗೆಡುತ್ತವೆ ಎಂಬ ಮಾತು ನಮ್ಮ ಕಾಡಿಗೂ ತಲುಪಿತು. ನಮಗೆ ಭಯವಿದ್ದದ್ದು ಕುಲುಮೆಯೊಂದರದ್ದೇ. ಗಾಜಿನ ಕುಲುಮೆ ಹಗಲಿರುಳು, ಹಬ್ಬ ಹುಣ್ಣಿಮೆಯೆನ್ನದೆ ಉರಿಯಬೇಕು. ಅದನ್ನು ಉರಿಸುವ ಎಣ್ಣೆ ನಿಂತು ಕುಲುಮೆ ತಣ್ಣಗಾದರೆ ಒಳಗಿನ ಗಾಜು ಬಂಡೆಯಾಗಿ, ಗೋಡೆ ಬಿರಿದು, ಎಲ್ಲ ಅಲ್ಲಿಗೇ ಮುಗಿಯುತ್ತದೆ. ಪಕ್ಕದ ಊರಿನ ಕುಲುಮೆ ಹಾಗೆಯೇ ಸತ್ತಿತ್ತು. ಹೊಸದನ್ನು ಕಟ್ಟಲು ಹಣವಿಲ್ಲವೆಂದು ಯಜಮಾನರು ಕೈಚೆಲ್ಲಿದರು. ಶಾಲೆ ಮುಚ್ಚಿತು, ಮನೆಗಳು ಬೇಸಿಗೆಗೆ ಬರುವ ಜರ್ಮನರ ಪಾಲಾದವು. ನಮ್ಮದು ಆರಿದರೆ ನಮ್ಮ ಊರಿಗೂ ಅದೇ ಗತಿ ಎಂಬುದು ಎಳೆಯ ಮಕ್ಕಳಿಗೂ ಗೊತ್ತಿತ್ತು.

ಕಾರ್ಖಾನೆಯ ಆಗಿನ ಮುಖ್ಯಸ್ಥರಾದ ಬೊರೆಲಿಯುಸ್ ಅವರು ಸ್ಟಾಕ್‌ಹೋಮಿನಿಂದ ವೆಟ್ಟರ್‌ಲುಂಡ್ ಎಂಬ ಸಲಹೆಗಾರನನ್ನು ಕರೆಸಿದರು. ಆತ ಬೇಸಿಗೆ ರಜೆಯಲ್ಲಿ ಕುಲುಮೆಯ ಹಳೆಯ ನಿಯಂತ್ರಣ ಪೆಟ್ಟಿಗೆಯನ್ನು ಕೀಳಿಸಿ, ‘ಎರಡು ಸಾವಿರಕ್ಕೆ ಸಿದ್ಧ’ ಎಂಬ ಹಸಿರು ಚೀಟಿ ಅಂಟಿಸಿಕೊಂಡ ಹೊಸ ಪೆಟ್ಟಿಗೆ ಕೂರಿಸಿದ. ಅದರ ಪಕ್ಕದ ಎಣ್ಣೆಯ ಕೊಳವೆಯಲ್ಲಿ ಕೈಯಿಂದ ತಿರುಗಿಸುವ ಕಬ್ಬಿಣದ ಚಕ್ರವೊಂದಿತ್ತು. ಪೆಟ್ಟಿಗೆ ಎಣ್ಣೆ ನಿಲ್ಲಿಸಿದರೂ ಅದನ್ನು ತಿರುಗಿಸಿ ಕುಲುಮೆಗೆ ಎಣ್ಣೆ ಬಿಡಬಹುದಾಗಿತ್ತು. ಅದನ್ನೂ ತೆಗೆಯಬೇಕೆಂದ.

“ಇದು ಅಜ್ಜಿ ಕಾಲದ್ದು, ಇನ್ನು ಬೇಕಾಗಲ್ಲ,” ಎಂದ.

“ಅಜ್ಜಿ ಏನು ನಿನ್ನ ಹತ್ರ ಊಟ ಕೇಳ್ತಿದಾಳಾ? ಇರ್ಲಿ ಬಿಡು,” ಎಂದರು ಗುನ್ವೋರ್. ಪ್ರತಿ ಶುಕ್ರವಾರ ಆ ಚಕ್ರಕ್ಕೆ ಕೀಲೆಣ್ಣೆ ಬಿಟ್ಟು, ಒಂದು ಸುತ್ತು ಅತ್ತಿತ್ತ ತಿರುಗಿಸಿ ನೋಡುವುದು ಅವರ ಹಳೆಯ ಅಭ್ಯಾಸ.

ಹೊಸ ಪೆಟ್ಟಿಗೆ ಸ್ಟಾಕ್‌ಹೋಮಿನ ಮೇಜಿನ ಮೇಲೆ ಎಲ್ಲ ಪರೀಕ್ಷೆಯಲ್ಲೂ ಗೆದ್ದಿತ್ತು. ಗುನ್ವೋರ್ ಅವರು ಒಪ್ಪಲಿಲ್ಲ. ಉರಿಯುವ ಕುಲುಮೆಗೇ ಜೋಡಿಸಿಟ್ಟು, ಅದರ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ನೋಡಬೇಕೆಂದು ಹಟ ಹಿಡಿದರು. ಜೀವಂತ ಕುಲುಮೆಯ ಮೇಲೆ ಪ್ರಯೋಗವೆ?

“ಅದು ಆರಿದ್ರೆ ಸೋಮವಾರ ನೀನು ಕೆಲಸಕ್ಕೆ ಬರೋದು ಬೇಡ,” ಎಂದರು ಬೊರೆಲಿಯುಸ್.

“ಅದು ಆರಿದ್ರೆ ಸೋಮವಾರ ಯಾರೂ ಬರೋದು ಬೇಡ. ನಿಜವಾದ ಹೊಸ ವರ್ಷಕ್ಕೆ ಊರೆಲ್ಲ ರಜೆ, ರಸ್ತೆ ತುಂಬ ಹಿಮ, ಕುಲುಮೆ ಹತ್ರ ಇಬ್ರೇ ಇರ್ತಾರೆ. ಕೆಡೋದಾದ್ರೆ ಈಗ್ಲೇ ಕೆಡ್ಲಿ, ನಾವೆಲ್ಲ ಇರೋವಾಗ.”

ಹೀಗೆ ನಲವತ್ತೊಂದನೆಯ ವಾರದ, ಅಂದರೆ ಅಕ್ಟೋಬರ್ ನಡುವಿನ, ಬುಧವಾರ, ಬೆಳಗಿನ ಕಾಫಿಯ ಹೊತ್ತಿಗೆ, ಕ್ವಾರ್ನ್‌ಹುಲ್ಟಿನಲ್ಲಿ ಡಿಸೆಂಬರ್ ಮೂವತ್ತೊಂದು ಬಂತು. ಹೊರಗೆ ಹಳದಿ ಎಲೆ ಉದುರುತ್ತಿದ್ದರೆ ಒಳಗೆ ಯಾರೋ ಹಬ್ಬದ ಹಂದಿಮಾಂಸ ಬೇಯಿಸಿ ತಂದಿದ್ದರು, ಇನ್ನಾರೋ ಬಣ್ಣದ ಕಾಗದದ ಟೋಪಿ ಹಂಚಿದರು. ವೆಟ್ಟರ್‌ಲುಂಡ್ ಪೆಟ್ಟಿಗೆಯ ಗಡಿಯಾರ ತಿರುಗಿಸಿದ. ತೊಂಬತ್ತೊಂಬತ್ತು ಹೋಗಿ ಎರಡು ಸಾವಿರ ಬಂತು. ಕುಲುಮೆ ಎಂದಿನಂತೆ ಮೊರೆಯುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಬೊರೆಲಿಯುಸ್ ಬೆವರು ಒರೆಸಿಕೊಂಡರು.

“ಆಯ್ತಲ್ಲ ತಾಯಿ, ಸಮಾಧಾನವಾ?” ಎಂದು ವೆಟ್ಟರ್‌ಲುಂಡ್ ತನ್ನ ಚೀಲ ಮುಚ್ಚತೊಡಗಿದ.

“ತಾಳು. ಹಬ್ಬದ ಮಾರನೇ ಬೆಳಿಗ್ಗೆ ಎಲ್ರೂ ಏಳ್ಬೇಕಲ್ಲ? ಪೆಟ್ಟಿಗೇನೂ ಏಳ್ಲಿ. ಬೆಳಗಿನ ಆರು ಗಂಟೆಗೆ ಇಡು.”

ಪ್ರತಿ ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತಿತ್ತು. ಆತ ನಗುತ್ತಲೇ ಗಡಿಯಾರವನ್ನು ಜನವರಿ ಒಂದರ ಬೆಳಗಿಗೆ ತಿರುಗಿಸಿದ.

ಮೊದಲು ತಲೆ ಎತ್ತಿದವಳು ಕಿವಿ ಕೇಳದ ಸಿಗ್ನೆ. ಆಕೆಯ ಕೈಯಿಂದ ಸೀಸೆ ಜಾರಿ ಚೂರಾಯಿತು. “ನೆಲ! ನೆಲ ನಿಂತೋಯ್ತು!” ಎಂದು ಕಿರುಚಿದಳು. ವರ್ಷಗಟ್ಟಲೆ ಆಕೆಯ ಅಂಗಾಲಿಗೆ ತಾಕುತ್ತಿದ್ದ ನಡುಕ ಇಲ್ಲವಾಗಿತ್ತು. ಆಮೇಲೆ ನಮಗೂ ಕೇಳಿಸಿತು, ಅಂದರೆ ಏನೂ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಊರಿನ ಗಾಳಿಯಲ್ಲೇ ಇದ್ದ ಆ ಮೊರೆತ ನಿಂತುಹೋಗಿತ್ತು. ಅಂಥ ಮೌನವನ್ನು ನಾನು ನನ್ನ ತಾಯಿ ತೀರಿಕೊಂಡ ಕೋಣೆಯಲ್ಲೂ ಕೇಳಿಲ್ಲ. ಕಾಗದದ ಟೋಪಿ ಹಾಕಿಕೊಂಡ ದೊಡ್ಡ ದೊಡ್ಡ ಗಂಡಸರು ಬಾಯಿ ತೆರೆದು ನಿಂತಿದ್ದರು.

“ಎವಾಲ್ಡ್, ಚಕ್ರ!” ಎಂಬ ಗುನ್ವೋರ್ ಅವರ ಕೂಗು ಮಾತ್ರ ಕೇಳಿತು.

ಕುಲುಮೆಯ ಮೇಸ್ತ್ರಿ ಎವಾಲ್ಡ್ ಓಡಿದ. ಅವನಿಗಿಂತ ಮೊದಲು ಗುನ್ವೋರ್ ಅವರ ಕೈ ಚಕ್ರದ ಮೇಲಿತ್ತು. ಶುಕ್ರವಾರಗಳ ಎಣ್ಣೆ ಕುಡಿದಿದ್ದ ಚಕ್ರ ಒಂದೇ ಎಳೆತಕ್ಕೆ ತಿರುಗಿತು. ಎಣ್ಣೆ ನುಗ್ಗಿ, ಇನ್ನೂ ಕೆಂಪಗಿದ್ದ ಗೋಡೆಗೆ ತಾಕಿ, ಧಗ್ಗೆಂದು ಹತ್ತಿಕೊಂಡಿತು. ಮೊರೆತ ಮರಳಿ ಬಂದಾಗ ಎವಾಲ್ಡ್ ಟೋಪಿಯಿಂದಲೇ ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ.

ಕಾರಣ ತಿಳಿದಾಗ ಮತ್ತೊಮ್ಮೆ ಬೆಚ್ಚಿದೆವು. ನಮ್ಮ ಜನ ತಿಂಗಳು ತಾರೀಖು ನಂಬುವವರಲ್ಲ. ಹಲ್ಲು ಕೀಳಿಸುವುದರಿಂದ ಹಿಡಿದು ಹೆರಿಗೆಯವರೆಗೆ ಎಲ್ಲವನ್ನೂ ವಾರದ ಸಂಖ್ಯೆಯಲ್ಲೇ ಹೇಳುವವರು. ಪೆಟ್ಟಿಗೆ ಮಾಡಿದವರೂ ನಮ್ಮವರೇ. ಎರಡು ಸಾವಿರದ ಜನವರಿ ಒಂದು ಶನಿವಾರ. ಸೋಮವಾರಕ್ಕೆ ಹೊಸ ವಾರ ಶುರುವಾಗುವ ನಮ್ಮ ಲೆಕ್ಕದಲ್ಲಿ ಆ ಶನಿವಾರ, ಭಾನುವಾರ ಇನ್ನೂ ಹಳೆಯ ವರ್ಷದ ಐವತ್ತೆರಡನೆಯ ವಾರಕ್ಕೇ ಸೇರಿದವು. ಪೆಟ್ಟಿಗೆ ಇಸವಿಯನ್ನು ಹೊಸದರಿಂದಲೂ ವಾರವನ್ನು ಹಳೆಯದರಿಂದಲೂ ತೆಗೆದುಕೊಂಡು, ತಾನು ಎರಡು ಸಾವಿರದ ಐವತ್ತೆರಡನೆಯ ವಾರದಲ್ಲಿ, ಅಂದರೆ ಆ ವರ್ಷದ ಕೊನೆಯಲ್ಲಿ, ಇದ್ದೇನೆಂದು ತಿಳಿಯಿತು. ಆ ವರ್ಷದ ಬೇಸಿಗೆಯಲ್ಲಿ ಆಗಬೇಕಾದ ವಾರ್ಷಿಕ ತಪಾಸಣೆ ಆಗಿಯೇ ಇಲ್ಲವೆಂದು ಬಗೆದು, ವಿಧೇಯತೆಯಿಂದ ಎಣ್ಣೆ ನಿಲ್ಲಿಸಿತು. ಸ್ಟಾಕ್‌ಹೋಮಿನ ಮೇಜಿನ ಮೇಲೆ ಅದಕ್ಕೆ ಕುಲುಮೆಯೂ ಇರಲಿಲ್ಲ, ತಪಾಸಣೆಯ ಚಿಂತೆಯೂ ಇರಲಿಲ್ಲ.

“ಹಾಗಾದ್ರೆ ಹಳೇ ಪೆಟ್ಟಿಗೆ ಏನು ಮಾಡ್ತಿತ್ತು?” ಎಂದು ಕೇಳಿದೆ.

“ಏನೂ ಮಾಡ್ತಿರ್ಲಿಲ್ಲ. ಅದಕ್ಕೆ ತಾರೀಖೇ ಗೊತ್ತಿರ್ಲಿಲ್ಲ,” ಎಂದರು ಗುನ್ವೋರ್.

ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಾಯಲೆಂದು ತಂದದ್ದೇ ಕೊಲ್ಲಲು ಬಂದಿತ್ತು. ವೆಟ್ಟರ್‌ಲುಂಡ್ ಮುಖ ಸುಣ್ಣವಾಗಿ ಹಸಿರು ಚೀಟಿಯನ್ನು ಉಗುರಿನಿಂದ ಕೀಳುತ್ತಿದ್ದ. ಅವನಿಗೆ ಹಂದಿಮಾಂಸ ಬಡಿಸಿ ಕೂರಿಸಿದವರೂ ಗುನ್ವೋರ್ ಅವರೇ. ಆತ ಆ ತಿಂಗಳೆಲ್ಲ ಇಲ್ಲೇ ಉಳಿದು ಪೆಟ್ಟಿಗೆ ಸರಿಪಡಿಸಿದ.

ನಿಜವಾದ ಹೊಸ ವರ್ಷ ಬಂತು, ಏನೂ ಆಗಲಿಲ್ಲ. ಆಗ ಕೇಂದ್ರ ಕಚೇರಿಯ ಮಹನೀಯರೊಬ್ಬರು ನಮ್ಮ ಊಟದ ಮನೆಯಲ್ಲೇ ಕೂತು, “ಏನೂ ಆಗ್ಲಿಲ್ವಲ್ಲ, ಇಷ್ಟೆಲ್ಲ ರಂಪ ಯಾಕೆ ಬೇಕಿತ್ತು?” ಎಂದುಬಿಟ್ಟರು. ನಾನು ತಟ್ಟೆ ಎತ್ತಿ ಎಸೆಯುವವನಿದ್ದೆ. ಗುನ್ವೋರ್ ಅವರು ಆಲೂಗಡ್ಡೆ ಬಡಿಸಿಕೊಳ್ಳುತ್ತ, “ಇನ್ನೊಂದ್ಸಲ ಆಗೋ ಹಾಗೆ ಮಾಡ್ತೀನಿ ಬಿಡು, ನಿಂಗೆ ಬೇಜಾರಾಗಿದ್ರೆ,” ಎಂದರು. ಅಂದಿನಿಂದ ಪ್ರತಿ ಅಕ್ಟೋಬರಿನಲ್ಲಿ ಆ ಬುಧವಾರ ನಾವು ಹೊಸ ವರ್ಷ ಆಚರಿಸುತ್ತೇವೆ. ಹೊರಗಿನವರು ನಮ್ಮನ್ನು ಹುಚ್ಚರೆನ್ನುತ್ತಾರೆ.

ಬೀಳ್ಕೊಡುಗೆಯ ದಿನಕ್ಕೆ ಬರುತ್ತೇನೆ. ಹಸಿರು ಕೇಕು, ಹೂವು, ಭಾಷಣ ಎಲ್ಲ ಆದವು. ಇಂಥ ಸಂದರ್ಭಕ್ಕೆ ಚಿನ್ನದ ಗಡಿಯಾರ ಕೊಡುವುದು ಇಲ್ಲಿಯ ಪದ್ಧತಿ. ಹೋದ ವರ್ಷವಷ್ಟೇ ಬಂದ ಕಾರ್ಖಾನೆಯ ಹೊಸ ಮುಖ್ಯಸ್ಥೆ ಲೋವಿಸಾ ಅವರು, ಇವರಿಗೆ ಅದಕ್ಕಿಂತ ಮಿಗಿಲಾದದ್ದು ಸಲ್ಲಬೇಕೆಂಬ ಪ್ರೀತಿಯಿಂದ, ಗುಟ್ಟಾಗಿ ಸಿದ್ಧಪಡಿಸಿದ್ದ ಭಾರವಾದ ಪೆಟ್ಟಿಗೆಯೊಂದನ್ನು ಮುಂದಿಟ್ಟರು. ಮುಚ್ಚಳ ತೆಗೆದರೆ ಒಳಗೆ ಆ ಚಕ್ರ! ಬೆಳ್ಳಿಯಂತೆ ಹೊಳಪು ಕೊಟ್ಟು, ಅಂಚಿನಲ್ಲಿ ‘ಕೃತಜ್ಞತೆಯಿಂದ’ ಎಂದು ಕೆತ್ತಿಸಿದ್ದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಗುನ್ವೋರ್ ಅವರ ಮುಖದಲ್ಲಿ ರಕ್ತವಿರಲಿಲ್ಲ.

“ಇದನ್ನ ಎಲ್ಲಿಂದ ತೆಗೆದೆ?”

“ಅಲ್ಲಿಂದಾನೇ ಗುನ್ವೋರ್. ಹತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಅಂದ್ರು.”

“ನಾನು ಶುಕ್ರವಾರ ಶುಕ್ರವಾರ ಮುಟ್ತಿದ್ದೆ! ಯಾವಾಗ ತೆಗೆದಿದ್ದು?”

“ಸೋಮವಾರ...”

“ಸೋಮವಾರದಿಂದ ಕುಲುಮೆ ಬರಿಗೈಲಿದೆಯಾ?”

ಚಪ್ಪಾಳೆ ಥಟ್ಟನೆ ನಿಂತಿತು. ಗುನ್ವೋರ್ ಅವರು ಕೇಕಿನ ತಟ್ಟೆ ಬದಿಗಿಟ್ಟು, ಚಕ್ರವನ್ನು ಕಂಕುಳಲ್ಲಿ ಇರುಕಿಕೊಂಡು, ನೀಲಿ ರೇಷ್ಮೆಯ ಉಡುಪಿನಲ್ಲೇ ಮೆಟ್ಟಿಲಿಳಿದು ಕುಲುಮೆಯತ್ತ ನಡೆದರು. ಹಿಂದೆ ಲೋವಿಸಾ, ಅವರ ಹಿಂದೆ ನಾವೆಲ್ಲ, ಕೈಯಲ್ಲಿ ಕಾಫಿ ಬಟ್ಟಲು ಹಿಡಿದೇ ಓಡಿದೆವು. ಮಂಡಿಯೂರಿ ಚಕ್ರ ಕೂರಿಸಿ, ತಿರುಪು ಬಿಗಿದು, ಒಂದು ಸುತ್ತು ಅತ್ತ, ಒಂದು ಸುತ್ತು ಇತ್ತ ತಿರುಗಿಸಿ ನೋಡಿದ ಮೇಲೆಯೇ ಅವರು ಉಸಿರು ಬಿಟ್ಟದ್ದು. ಆಮೇಲೆ ಕೀಲೆಣ್ಣೆಯ ಡಬ್ಬಿಯನ್ನು ಲೋವಿಸಾ ಅವರ ಕೈಗಿಟ್ಟು, “ಉಡುಗೊರೆ ಚೆನ್ನಾಗಿದೆ. ಇಲ್ಲೇ ಇರ್ಲಿ,” ಎಂದರು.

ಅದು ಅಲ್ಲೇ ಇದೆ. ಹೊಳಪು ಮಾಸಿ, ಕೆತ್ತಿಸಿದ ಅಕ್ಷರಗಳಲ್ಲಿ ಮಸಿ ಕೂತಿದೆ. ಗುನ್ವೋರ್ ಅವರು ನೂರು ಅಕ್ಟೋಬರುಗಳನ್ನು ಕಾಣಲಿ, ಅವರ ಕೈಯ ಬಲವೂ ಅವರ ಸಂಶಯದ ಹರಿತವೂ ಕುಂದದಿರಲಿ, ಎಂದು ಹಾರೈಸುತ್ತೇನೆ. ವಿಶ್ರಾಂತಿ ದೊರೆಯಲಿ ಎಂದು ಹಾರೈಸುವಷ್ಟು ಧೈರ್ಯ ನನಗಿಲ್ಲ. ನಿವೃತ್ತರು ಗೇಟಿನ ಕೀಲಿ ಹಿಂದಿರುಗಿಸಬೇಕೆಂಬ ನಿಯಮವಿದೆ. ಅವರು ಕೊಟ್ಟಿಲ್ಲ, ನಾವು ಕೇಳಿಲ್ಲ. ಶುಕ್ರವಾರ ಬೆಳಿಗ್ಗೆ ಗೇಟು ತೆರೆದ ಸದ್ದಾದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.