ಸಣ್ಣ ಕೂಸಿಗೆ ದೊಡ್ಡ ಪಾಲು

ಹಿತ್ತಲಾಚೆಯ ಮನೆಯಲ್ಲಿ ಇವತ್ತು ಹರಳು ಹುರಿದು ಎಣ್ಣೆ ಕಾಯಿಸುತ್ತಿದ್ದಾರೆ. ಬೆಳಗಿನಿಂದ ಆ ಕಮಟು ವಾಸನೆ ಮನೆಯೆಲ್ಲ ತುಂಬಿದೆ. ಕಿಟಕಿ ಮುಚ್ಚಿದರೂ ಪ್ರಯೋಜನವಾಗಲಿಲ್ಲ. ಹರಳೆಣ್ಣೆಯ ವಾಸನೆ ಬಂದರೆ ಬೇರೆಯವರಿಗೆ ತಾಯಿ ನೆನಪಾಗಬಹುದು, ಹಬ್ಬದ ಎಣ್ಣೆನೀರು ನೆನಪಾಗಬಹುದು. ನನಗೆ ನೆನಪಾಗುವುದು ದೊಡ್ಡಮ್ಮ. ನೆನಪಾದ ಕೂಡಲೇ ಈ ವಯಸ್ಸಿನಲ್ಲೂ ನನ್ನ ತುಟಿ ಸೊಟ್ಟಗಾಗುತ್ತದೆ.

ಆಕೆ ನನಗೆ ಯಾವ ಸಂಬಂಧದಲ್ಲೂ ದೊಡ್ಡಮ್ಮನಲ್ಲ. ಮಹಾರಾಜರ ಕಾಲದಲ್ಲಿ, ಹಿರಿಯೂರು ಸೀಮೆಯ ತೆಂಗಿನ ವ್ಯಾಪಾರಿಯೊಬ್ಬರು ಕಟ್ಟಿಸಿದ್ದ ಪುಟ್ಟ ಧರ್ಮಾಸ್ಪತ್ರೆಯಲ್ಲಿ ಆಕೆ ಹಿರಿಯ ದಾದಿ. ರೋಗಿಗಳು, ಆಳುಕಾಳುಗಳು, ಕೊನೆಗೆ ದುರ್ಗದಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರೂ ಆಕೆಯನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡಿದ್ದ ನಾನು ಬೆಂಗಳೂರಿನಲ್ಲಿ ದಾದಿ ಕೆಲಸ ಕಲಿತು ಅಲ್ಲಿಗೆ ಹೋದೆ. ಆಕೆಯ ಕೈಕೆಳಗೆ ಕೆಲಸ.

ಆಕೆ ಎಲ್ಲಿ ಕಲಿತಿದ್ದಳು? ಎಲ್ಲೂ ಇಲ್ಲ. ಯಾರೋ ದೊರೆಗಳ ಬಂಗಲೆಯಲ್ಲಿ ಆಯಾ ಆಗಿದ್ದಳಂತೆ. ಅಲ್ಲಿಂದ ತಂದದ್ದು ನಾಲ್ಕು ಇಂಗ್ಲಿಷ್ ಮಾತು, ಗಂಜಿ ಹಾಕಿದ ಬಿಳಿ ಸೀರೆ ಉಡುವ ಠೀವಿ, ಮತ್ತೆ ಯಾರನ್ನಾದರೂ ಮೇಲಿಂದ ಕೆಳಗೆ ನೋಡುವ ಆ ನೋಟ. ಜ್ವರ ಅಳೆಯುವ ಕಡ್ಡಿಯನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಸ್ವಲ್ಪ ಐತೆ" ಎನ್ನುತ್ತಿದ್ದಳು. ಎಷ್ಟು ಐತೆ ಎಂದು ಆಕೆಯ ಬಾಯಿಂದ ನಾನು ಕೇಳಲೇ ಇಲ್ಲ. ಮೈ ಬಾತುಕೊಂಡ ರೋಗಿಯೊಬ್ಬ ಕುಡಿದ ನೀರೆಷ್ಟು, ಹೊರಗೆ ಹೋದದ್ದೆಷ್ಟು ಅಳೆದು ಹೇಳಿ ಎಂದು ಡಾಕ್ಟರು ಸೂಚಿಸಿದ್ದರು. ವಾರ ಕಳೆದು ಅವರು ಬಂದು ಕೇಳಿದಾಗ ಈಕೆ ಕೊಟ್ಟ ಉತ್ತರ: "ಎರಡೂ ಸರಿಯಾಗೇ ಐತೆ, ಸಾಮಿ."

ಆದರೆ ಊರಿನವರಿಗೆ ಆಕೆ ದೇವತೆ. ಕೈಗುಣ, ಕೈಗುಣ ಎಂದು ಬಾಯಿ ಬಿಡುತ್ತಿದ್ದರು. ಐಮಂಗಲದಿಂದಲೂ ಗಾಡಿ ಕಟ್ಟಿಕೊಂಡು ಬಂದು, ಮಗುವಿನ ತಲೆಯ ಮೇಲೆ ಆಕೆಯ ಕೈ ಇಡಿಸಿಕೊಂಡು ಹೋಗುತ್ತಿದ್ದರು. ಆ ಬಳೆ ತುಂಬಿದ, ಮೆತ್ತನೆಯ, ದಡ್ಡ ಕೈ! ನಾನು ಲೋಟದಲ್ಲಿ ಔಷಧಿ ಅಳೆಯುವುದನ್ನು ಕಂಡರೆ ಆಕೆಗೆ ನಗು.

"ಲೆಕ್ಕ ಎಲ್ಲ ಶೆಟ್ರ ಅಂಗಡೀಗೆ ಕಣಮ್ಮ. ನಮ್ಗೆ ಕೈ ಐತೆ," ಎನ್ನುತ್ತಿದ್ದಳು.

ಆಕೆಯ ಕೈ ಯಾರನ್ನೂ ಕೊಲ್ಲದೆ ಇದ್ದದ್ದಕ್ಕೆ ಒಂದೇ ಕಾರಣ, ಔಷಧಿ ತೂಗಿ ಪೊಟ್ಟಣ ಕಟ್ಟುತ್ತಿದ್ದವರು ಕಾಂಪೌಂಡರು. ಒಂದು ಸಲ ಪ್ಲೇಗಿನ ಕೆಲಸಕ್ಕೆಂದು ಅವರನ್ನು ದುರ್ಗಕ್ಕೆ ಕರೆಸಿಕೊಂಡರು. ಪೊಟ್ಟಣ ಕಟ್ಟುವ ಕೆಲಸ ನನಗೆ ಬರಬಹುದೆಂದುಕೊಂಡಿದ್ದೆ. ದೊಡ್ಡಮ್ಮ ಔಷಧಿ ಬೀರುವಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಕ್ಕಳ ಜಂತುಹುಳಕ್ಕೆ ಆಗ ಒಂದು ಬಿಳಿ ಪುಡಿ ಕೊಡುತ್ತಿದ್ದೆವು. ಹುಳದ ಪುಡಿ ಎಂದೇ ಅದಕ್ಕೆ ಹೆಸರು. ಪುಡಿ ಕೊಟ್ಟು, ಹೊಟ್ಟೆ ತೊಳೆಯಲು ಮರುದಿನ ಹರಳೆಣ್ಣೆ. ಹೆಚ್ಚಾದರೆ ಆ ಪುಡಿ ವಿಷ. ದೊಡ್ಡವರ ಒಂದು ಹೊತ್ತಿನ ಪುಡಿಯಲ್ಲಿ ಮಗುವಿಗೆ ಎಷ್ಟು ಕೊಡಬೇಕೆಂಬುದಕ್ಕೆ ಸುಲಭದ ಲೆಕ್ಕವೊಂದಿತ್ತು. ಮಗುವಿನ ವಯಸ್ಸಿಗೆ ಹನ್ನೆರಡು ಕೂಡಿಸಬೇಕು. ಬಂದ ಮೊತ್ತದಲ್ಲಿ ವಯಸ್ಸು ಎಷ್ಟನೆಯ ಭಾಗವೋ ಅಷ್ಟೇ ಪುಡಿ. ಎರಡು ವರ್ಷದ ಕೂಸಾದರೆ ಹದಿನಾಲ್ಕರಲ್ಲಿ ಎರಡು, ಅಂದರೆ ಏಳರಲ್ಲಿ ಒಂದು ಪಾಲು. ಕೂಲಿಮಠದ ಹುಡುಗರೂ ಮಾಡುವ ಲೆಕ್ಕ.

ದೊಡ್ಡಮ್ಮನ ಲೆಕ್ಕ ಬೇರೆ. ಒಂದು ಬೆಳಿಗ್ಗೆ ನೋಡುತ್ತೇನೆ, ಕಾಗದದ ಮೇಲೆ ಪುಡಿ ಸುರುವಿಕೊಂಡು ಚಾಕುವಿನಿಂದ ಗೆರೆ ಎಳೆಯುತ್ತಿದ್ದಾಳೆ. ಎಂಟು ವರ್ಷದ ಮಗುವಿಗೆ ಎಂಟು ಪಾಲು ಮಾಡಿ ಒಂದು. ನಾಲ್ಕು ವರ್ಷದ್ದಕ್ಕೆ ನಾಲ್ಕು ಪಾಲು ಮಾಡಿ ಒಂದು. ಕೂಸು ಸಣ್ಣದಾದಷ್ಟೂ ಕಡಿಮೆ ಕೊಡಬೇಕೆಂದು ಯಾರೋ ಹೇಳಿದ್ದನ್ನು ಕೇಳಿ, ಆ ಮಹಾತಾಯಿ ಪಾಲುಗಳ ಸಂಖ್ಯೆಯನ್ನೇ ಕಡಿಮೆ ಮಾಡುತ್ತಿದ್ದಳು!

"ದೊಡ್ಡಮ್ಮಾರೆ, ಹಿಂಗೆ ಮಾಡಿದ್ರೆ ಸಣ್ಣ ಕೂಸಿಗೆ ಜಾಸ್ತಿ ಹೋಗುತ್ತಲ್ಲ," ಎಂದೆ. "ಒಂದು ರೊಟ್ಟೀನ ಎಂಟು ಜನಕ್ಕೆ ಹರಿದ್ರೆ ಚೂರು ಬರುತ್ತೆ, ಇಬ್ರಿಗೆ ಹರಿದ್ರೆ ಅರ್ಧ ಬರುತ್ತೆ. ನೋಡ್ರಿ."

ಆಕೆ ತಲೆ ಎತ್ತಲಿಲ್ಲ. "ರೊಟ್ಟಿ ಬ್ಯಾರೆ, ಔಸ್ತಿ ಬ್ಯಾರೆ. ಹೋಗು, ವಾರ್ಡ್ ಗುಡಿಸಿದ್ರಾ ನೋಡು."

ಅವತ್ತೇ ಡಾಕ್ಟರಿಗೆ ಹೇಳಿ ಕಳಿಸಿದೆ. ಅವರು ಬರುವ ದಿನ ಇನ್ನೂ ದೂರವಿತ್ತು. ಅದಕ್ಕೆ ಮೊದಲೇ ಹರಿಯಬ್ಬೆ ಕಡೆಯ ಕುರಿಗಾರರ ಹೆಣ್ಣುಮಗಳೊಬ್ಬಳು ತನ್ನಿಬ್ಬರು ಹೆಣ್ಣುಮಕ್ಕಳನ್ನು ಕರೆತಂದು, ಪುಡಿ ಇಸಿದುಕೊಂಡು ಹೋಗಿದ್ದಳು. ನಾನು ಆಗ ಒಳಗೆ ಹೆರಿಗೆಯ ಹತ್ತಿರವಿದ್ದೆ.

ಮರುದಿನ ಹೊತ್ತು ಏರುವ ಮೊದಲೇ ಆ ತಾಯಿ ಸಣ್ಣವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಓಡಿ ಬಂದಳು. ಹಿಂದೆ ದೊಡ್ಡವಳು, ತಾಯಿಯ ಸೆರಗು ಹಿಡಿದು. ಎಂಟು ವರ್ಷದ ಅವಳಿಗೆ ಏನೂ ಆಗಿರಲಿಲ್ಲ. ಕಂಬಳಿಯೊಳಗಿನದು ಎರಡು ವರ್ಷದ್ದು.

"ರಾತ್ರಿಯಿಂದ ಎಲ್ಲಾ ಹಳದಿ ಅಂತಾಳೆ ಅವ್ವಾರೆ. ಹಾಲು ಕೊಟ್ರೆ ಹಳದಿ, ನನ್ ಮಕ ಹಳದಿ ಅಂತ ಅಳ್ತಾಳೆ. ಈಗ ಮಾತೇ ಇಲ್ಲ, ಕೈಕಾಲು ಸೆಟೀತಾವೆ..."

ಕಣ್ಣಿಗೆ ಲೋಕವೆಲ್ಲ ಹಳದಿ ಕಾಣುವುದು ಆ ಪುಡಿ ಹೆಚ್ಚಾದ ಗುರುತು. ಎಷ್ಟು ಕೊಟ್ಟೆಯವ್ವ ಎಂದು ಕೇಳಿದೆ. ಕೊಟ್ಟ ಪೊಟ್ಟಣಗಳನ್ನೆಲ್ಲ ಹೊತ್ತೊತ್ತಿಗೆ ತಪ್ಪದೆ ಹಾಕಿದ್ದಳು. ಆ ಗಾಬರಿಯಲ್ಲೂ ಅವಳ ದನಿಯಲ್ಲಿ ಒಂದು ಬಗೆಯ ಹೆಮ್ಮೆ: "ದೊಡ್ಡಮ್ಮಾರು ಸಣ್ಣಾಕೀಗೆ ಕೈ ಬಿಚ್ಚಿ ಹಾಕಿದ್ರು ಅವ್ವಾರೆ. ದೊಡ್ಡಾಕೀದಕ್ಕಿಂತ ಇವಳದೇ ದೊಡ್ಡ ಪೊಟ್ಣ."

ಏಳರಲ್ಲಿ ಒಂದು ಪಾಲು ಹೋಗಬೇಕಿದ್ದ ಹೊಟ್ಟೆಗೆ ಪ್ರತಿ ಹೊತ್ತಿಗೂ ಅರ್ಧ ಹೋಗಿತ್ತು. ಹೊಟ್ಟೆ ತೊಳೆಸಲು ನೋಡಿದೆ, ಮೈ ಬೆಚ್ಚಗಿಡಲು ನೋಡಿದೆ. ದೊಡ್ಡಮ್ಮ ಬಂದು ಹಣೆಯ ಮೇಲೆ ಆ ಪ್ರಸಿದ್ಧ ಕೈಯನ್ನಿಟ್ಟು, "ಬಾಲಗ್ರಹ," ಎಂದಳು. ಯಾರಿಗೋ ಬೇವಿನ ಸೊಪ್ಪು ತರಲು ಹೇಳಿದಳು. ಸೊಪ್ಪು ಬರುವಷ್ಟರಲ್ಲಿ ಕೂಸು ಹೋಗಿತ್ತು...

ಡಾಕ್ಟರು ಬಂದ ದಿನ, ಆಸ್ಪತ್ರೆಯ ಯಜಮಾನರ ಎದುರಿಗೇ ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರು ದೊಡ್ಡಮ್ಮನ ಕಡೆ ತಿರುಗಿ ಕೇಳಿದರು: "ಒಂದು ವರ್ಷದ ಕೂಸಿಗಾದ್ರೆ ಎಷ್ಟು ಪಾಲು ಮಾಡ್ತೀರಿ?"

"ಒಂದೇ, ಸಾಮಿ. ಅಷ್ಟು ಸಣ್ಣ ಕೂಸಿಗೆ ಜಾಸ್ತಿ ಪಾಲು ಯಾಕೆ?"

ಅಂದರೆ ದೊಡ್ಡವರ ಪುಡಿ ಪೂರ್ತಿಯಾಗಿ! ಡಾಕ್ಟರು ನೆಲ ನೋಡಿದರು. ಗಾಡಿಗಟ್ಟಲೆ ಕಾಯಿಗೆ ಕಣ್ಣಳತೆಯಲ್ಲೇ ಬೆಲೆ ಕಟ್ಟುವ ಯಜಮಾನರಿಗೆ ಇದು ಅರ್ಥವಾಗದ ಮಾತಲ್ಲ. ಅರ್ಥವಾಯಿತು, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ಅವರು ಹೇಳಿದ್ದು ಇಷ್ಟು: "ಜನ ಆಕೆ ಮಕ ನೋಡ್ಕಂಡು ಬರ್ತಾರ್ರಿ. ಆಗಿದ್ದು ಆಗೋತು. ಬಾಲಗ್ರಹ ಅಂತ್ಲೇ ಇರ್ಲಿ."

ಬಾಲಗ್ರಹ ಅಂತಲೇ ಆಯಿತು. ಬೀರುವಿನ ಬೀಗದಕೈ ಮಾತ್ರ ನನ್ನ ಕೈಗೆ ಬಂತು. ಡಾಕ್ಟರ ಧೈರ್ಯ ಅಲ್ಲಿಗೆ ಮುಗಿಯಿತು.

ನಾನು ಸುಮ್ಮನಿರಲಿಲ್ಲ. ಹರಿಯಬ್ಬೆಗೆ ಹೋಗಿ ಆ ತಾಯಿಯ ಮುಂದೆ ಕೂತು, ಗ್ರಹವೂ ಅಲ್ಲ, ಶಾಪವೂ ಅಲ್ಲ, ಪುಡಿ ಹೆಚ್ಚಾದದ್ದು ಎಂದು ಹೇಳಿದೆ. ಕುರಿಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು.

"ಪಿರೂತೀಲಿ ಕೊಟ್ಟಾರೆ," ಎಂದಳು ಕೊನೆಗೆ. "ಸತ್ತ ಕೂಸಿನ ಮ್ಯಾಲೆ ಲೆಕ್ಕ ಹಾಕ್ಬ್ಯಾಡ್ರಿ ಅವ್ವಾರೆ. ಎದ್ದೋಗ್ರಿ."

ಎದ್ದು ಬಂದೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಷ್ಟು ಸಿಟ್ಟನ್ನೂ ಆ ಗಂಜಿ ಸೀರೆಗೇ ಎತ್ತಿಟ್ಟುಕೊಂಡೆ.

ದೊಡ್ಡಮ್ಮ ಮುದುಕಿಯಾಗುವವರೆಗೂ ಅಲ್ಲೇ ಇದ್ದಳು. ಆಕೆ ತಲೆ ಮುಟ್ಟುತ್ತಿದ್ದಳು, ನಾನು ಔಷಧಿ ಅಳೆಯುತ್ತಿದ್ದೆ. ಗುಣವಾದವರೆಲ್ಲ ಆಕೆಯ ಕಾಲಿಗೆ ಬೀಳುತ್ತಿದ್ದರು. ಕೆಲಸ ಬಿಟ್ಟ ದಿನ ಶಾಲು ಹೊದಿಸಿದರು. ಸತ್ತ ದಿನ ಊರು ಅಂಗಡಿ ಮುಚ್ಚಿತು. ಹರಿಯಬ್ಬೆಯ ಆ ತಾಯಿಯೂ ಬಂದು ಹೆಣದ ಕೈ ಹಿಡಿದು ಗೋಳೋ ಎಂದು ಅತ್ತಳು. ನಾನು ಬಾಗಿಲಲ್ಲೇ ನಿಂತು ನೋಡಿದೆ, ಒಳಗೆ ಹೋಗಲಿಲ್ಲ.

ಸತ್ತವರ ಮೇಲೆ ಹಗೆ ಇರಬಾರದು ಎನ್ನುತ್ತಾರೆ. ಹಗೆ ನನಗಿಲ್ಲ. ತಿರಸ್ಕಾರ ಇದೆ, ಅದು ಇಷ್ಟು ವರ್ಷಕ್ಕೂ ಒಂದಿಷ್ಟೂ ಸವೆದಿಲ್ಲ. ಆದರೆ ಇವತ್ತು ಬೆಳಗಿನಿಂದ ಕೂತು ಯೋಚಿಸುವಾಗ ಬೇರೊಂದು ವಿಷಯ ಗೊತ್ತಾಯಿತು. ದೊಡ್ಡಮ್ಮನ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ಮೂಗಿನ ಪಕ್ಕದ ನರಹುಲಿ, ವೀಳ್ಯಕ್ಕೆ ಕೆಂಪಾದ ಹಲ್ಲು, ಎಲ್ಲವೂ. ಬದುಕಿದ್ದರೆ ಈ ಹೊತ್ತಿಗೆ ಮೊಮ್ಮಕ್ಕಳನ್ನು ಕಾಣುತ್ತಿದ್ದ ಆ ಕೂಸಿನ ಮುಖ ಮಾತ್ರ ಎಷ್ಟು ನೆನೆದರೂ ಬರುವುದಿಲ್ಲ. ಕಂಬಳಿ ನೆನಪಿದೆ... ಕಂಬಳಿಯೊಳಗಿನ ಬಿಸಿ ನೆನಪಿದೆ... ಮುಖ ಇಲ್ಲ.